ಹೂವು ಎಣಿಸುವುದಾ, ಎಸಳು ಎಣಿಸುವುದಾ?

ಅಕ್ಕನ ಮಗಳು ರಜೆಗೆ ಉಡುಪಿಗೆ ಬಂದಿದ್ದಾಳೆ. ಫಸ್ಟ್ ಪಿಯುಸಿ, ಸೈನ್ಸ್. ನಿನ್ನೆ ಚಾವಡಿಯಲ್ಲಿ ಕೂತು ಒಂದು ಲೆಕ್ಕಕ್ಕೆ ತಲೆ ಕೆಡಿಸಿಕೊಂಡಿದ್ದಳು. 0 ಡಿಗ್ರಿ ಸೆಲ್ಸಿಯಸ್, ಒಂದು ಅಟ್ಮಾಸ್ಫಿಯರ್ ಒತ್ತಡ, 5.6 ಲೀಟರ್ ಅಮೋನಿಯಾ ಅನಿಲ. ಅದರಲ್ಲಿ ಎಷ್ಟು ಪರಮಾಣುಗಳಿವೆ?

ಮೋಲ್ ಅಂದರೆ 6.022 × 10²³ ಕಣಗಳ ಒಂದು ಗುಂಪು. ಆ ಸ್ಥಿತಿಯಲ್ಲಿ ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಜಾಗ ಬೇಕು. ಹಾಗಾದರೆ 5.6 ಲೀಟರ್ ಅಂದರೆ ಕಾಲು ಮೋಲ್. ಅವಳು ಅದನ್ನು 6.022 × 10²³ ರಿಂದ ಗುಣಿಸಿ ಸುಮಾರು 1.5 × 10²³ ಅಂತ ಬರೆದಿದ್ದಳು. ಪುಸ್ತಕದ ಹಿಂದಿನ ಉತ್ತರ ಸರಿಯಾಗಿ ಅದರ ನಾಲ್ಕು ಪಟ್ಟು. "ಚಿಕ್ಕಮ್ಮ, ಇದು ಪ್ರಿಂಟ್ ತಪ್ಪು ಅಲ್ವಾ?" ಅಂದಳು.

ಪ್ರಿಂಟ್ ಸರಿ ಇತ್ತು. ಅವಳು ಎಣಿಸಿದ್ದು ಅಣುಗಳನ್ನು, ಕೇಳಿದ್ದು ಪರಮಾಣುಗಳನ್ನು. ಇದರಲ್ಲಿ ನಮ್ಮ ಭಾಷೆಯ ರೂಢಿಯದ್ದೂ ಪಾಲಿದೆ ಅಂತ ನನಗೆ ಅನಿಸುತ್ತದೆ. ಅಣುಬಾಂಬ್, ಕೈಗಾ ಅಣು ಸ್ಥಾವರ ಅಂತ ಓದಿ ಬೆಳೆದವರಿಗೆ ಅಣು ಅಂದರೆ ಆಟಮ್ಮೇ. ವಿಜ್ಞಾನದ ಪಾಠದಲ್ಲಿ ಮಾತ್ರ ಅಣು ಅಂದರೆ ಮಾಲಿಕ್ಯೂಲ್, ಅದರೊಳಗಿನ ಆಟಮ್ ಪರಮಾಣು.

ಅಮ್ಮ ದೇವರಿಗೆ ಅಂತ ತಂದಿದ್ದ ಶಂಕರಪುರ ಮಲ್ಲಿಗೆ ಅಲ್ಲೇ ಇತ್ತು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂಗಡಿಯಲ್ಲಿ ಯಾರೂ 3200 ಹೂ ಕೊಡಿ ಅನ್ನುವುದಿಲ್ಲ, ಒಂದು ಅಟ್ಟೆ ಅನ್ನುತ್ತಾರೆ. ಮೋಲ್ ಕೂಡ ಅಂಥದ್ದೇ ಒಂದು ಅಟ್ಟೆ, ಎಣಿಕೆ ಮಾತ್ರ ಭಾರೀ ದೊಡ್ಡದು. ಆದರೆ ಅಟ್ಟೆ ಹೇಳುವುದು ಹೂವಿನ ಲೆಕ್ಕ. ಎಸಳು ಎಷ್ಟು ಅಂತ ಕೇಳಿದರೆ ಒಂದು ಹೂ ಕೈಗೆ ತೆಗೆದುಕೊಂಡು ನೋಡಬೇಕು. ಅಮೋನಿಯಾದ ಒಂದು ಅಣುವಿನಲ್ಲಿ ಒಂದು ನೈಟ್ರೋಜನ್, ಮೂರು ಹೈಡ್ರೋಜನ್, ಒಟ್ಟು ನಾಲ್ಕು. ಕಾಲು ಮೋಲ್ ಅಣು, ಗುಣಿಸು ನಾಲ್ಕು, ಪೂರ್ತಿ ಒಂದು ಮೋಲ್ ಪರಮಾಣು. ಉತ್ತರ 6.022 × 10²³. ಅದೇ 5.6 ಲೀಟರ್ ಹೀಲಿಯಂ ಆಗಿದ್ದರೆ ಅವಳು ಮೊದಲು ಬರೆದದ್ದೇ ಸರಿಯಾಗುತ್ತಿತ್ತು, ಯಾಕೆಂದರೆ ಹೀಲಿಯಂ ಪರಮಾಣು ಯಾರ ಜೊತೆಗೂ ಸೇರದೆ ಒಂಟಿಯಾಗಿಯೇ ಇರುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಬೇರೆಯೇ ವಿಷಯ. ಒಂದು ಅಟ್ಟೆ ಮಲ್ಲಿಗೆಗೆ ಹಿಡಿಯುವ ಬುಟ್ಟಿಯಲ್ಲಿ ಅಷ್ಟೇ ಸಂಖ್ಯೆಯ ಸೇವಂತಿಗೆ ಹಿಡಿಯುವುದಿಲ್ಲ. ಅನಿಲಗಳು ಹಾಗಲ್ಲ. ಬಿಸಿ, ಒತ್ತಡ ಒಂದೇ ಆಗಿದ್ದರೆ ಯಾವ ಅನಿಲವಾದರೂ ಅಷ್ಟೇ ಜಾಗದಲ್ಲಿ ಅಷ್ಟೇ ಸಂಖ್ಯೆಯ ಅಣುಗಳು ಅಂತ ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲೇ ಹೇಳಿದ. ಅಣುಗಳ ನಡುವಿನ ಖಾಲಿ ಜಾಗವೇ ಅಷ್ಟು ಜಾಸ್ತಿ, ಅಣು ಚಿಕ್ಕದೋ ದೊಡ್ಡದೋ ಅನ್ನುವುದು ಲೆಕ್ಕಕ್ಕೆ ಬರುವುದೇ ಇಲ್ಲ. ಆ ಸಂಖ್ಯೆ ಎಷ್ಟು ಅಂತ ತಿಳಿಯದೆಯೇ ಅವನು 1856ರಲ್ಲಿ ತೀರಿಕೊಂಡ. ಆಸ್ಟ್ರಿಯಾದ ವಿಜ್ಞಾನಿ ಲೋಶ್ಮಿಟ್ ಮೊದಲ ಅಂದಾಜು ಕೊಟ್ಟದ್ದು 1865ರಲ್ಲಿ.

ಇನ್ನು 22.4ನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಅದು ನೀರು ಹೆಪ್ಪುಗಟ್ಟುವ ಚಳಿಯ ಲೆಕ್ಕ, ಅದೂ ಒಂದು ಅಟ್ಮಾಸ್ಫಿಯರಿಗೆ. ಒಂದು ಬಾರ್ (ಅಟ್ಮಾಸ್ಫಿಯರಿಗಿಂತ ತುಸು ಚಿಕ್ಕ ಅಳತೆ) ಒತ್ತಡ ಅಂತ ಕೊಟ್ಟಿದ್ದರೆ 22.7 ಲೀಟರ್. ಉಡುಪಿಯ 30 ಡಿಗ್ರಿ ಸೆಕೆಯಲ್ಲಿ ಅದೇ ಒಂದು ಮೋಲ್ ಹಿಗ್ಗಿ, ಒಂದು ಅಟ್ಮಾಸ್ಫಿಯರಿನಲ್ಲಿ ಸುಮಾರು 24.9 ಲೀಟರ್ ಆಗುತ್ತದೆ. ಹಾಗಾದರೆ ನಮ್ಮ ಚಾವಡಿಯಲ್ಲಿ 5.6 ಲೀಟರ್ ಅಮೋನಿಯಾದಲ್ಲಿ ಎಷ್ಟು ಪರಮಾಣು ಅಂತ ಕೇಳಿದೆ. ಅವಳೇ ಲೆಕ್ಕ ಹಾಕಿ ಸುಮಾರು 5.4 × 10²³ ಅಂದಳು. ಸರಿ ಇತ್ತು.

ಮುಂದಿನ ಲೆಕ್ಕ ಓಝೋನಿನದ್ದು. ಲೀಟರು ಎಷ್ಟು ಅಂತ ನೋಡುವ ಮೊದಲೇ ಹಾಳೆಯ ಬದಿಯಲ್ಲಿ ಬರೆದುಕೊಂಡಳು: "ಎಸಳು 3".