ಕಾರಣ ಬರೆಯದ ಸಾಲು

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಓದ್ತಾ ಕೂತಿದ್ದೆ. ಎಲ್ಲ ಮನುಷ್ಯರೂ ಹುಟ್ಟಿನಿಂದಲೇ ಸ್ವತಂತ್ರರು, ಘನತೆಯಲ್ಲೂ ಹಕ್ಕುಗಳಲ್ಲೂ ಸಮಾನರು ಅನ್ನುತ್ತೆ ಅದು. 1948ರಲ್ಲಿ ಅದರ ಚರ್ಚೆ ನಡೆದಾಗ, ಮನುಷ್ಯರನ್ನು ದೇವರ ರೂಪದಲ್ಲೇ ಸೃಷ್ಟಿಸಲಾಗಿದೆ ಅಂತ ಸೇರಿಸೋಣ ಎಂದು ಬ್ರೆಜಿಲ್ ಕೇಳಿತ್ತು. ಚೀನಾದ ಪ್ರತಿನಿಧಿ ಪೆಂಗ್ ಚುನ್ ಚಾಂಗ್ ಒಪ್ಪಲಿಲ್ಲ. ಎಲ್ಲರ ನಂಬಿಕೆ ಒಂದೇ ಅಲ್ವಲ್ಲ. ಕೊನೆಗೆ ದೇವರ ಹೆಸರೂ ಬರಲಿಲ್ಲ, ಕರಡಿನಲ್ಲಿದ್ದ 'ಸ್ವಭಾವದಿಂದ' ಅನ್ನೋ ಮಾತೂ ಉಳಿಯಲಿಲ್ಲ. ಘನತೆ ಉಳಿಯಿತು. ನನಗೆ ಅದು ತುಂಬಾ ದೊಡ್ಡ ವಿಷಯ.

ಅಮ್ಮ ದಿನಾ ದೀಪ ಹಚ್ಚುತ್ತಾಳೆ, ನಾನು ಹಚ್ಚಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಅಜ್ಜನ ಹತ್ತಿರ ಯಾರೂ ಇರಲಿಲ್ಲ. ಗಡ್ಡಕ್ಕೆಲ್ಲ ಗಂಜಿ ಮೆತ್ತಿತ್ತು. ನಾನು ಅವರ ತಲೆ ಎತ್ತಿ ಹಿಡಿದೆ, ಅಮ್ಮ ಸೆರಗಿನಿಂದ ಮೆಲ್ಲಗೆ ಒರೆಸಿದಳು. ಅವಳಿಗೆ ಅವರಲ್ಲಿ ದೇವರು ಕಂಡ. ನನಗೆ ಅಜ್ಜನೇ ಕಂಡರು. ಆಮೇಲೆ ಅವರು ಇನ್ನೊಂದು ಚಮಚ ಗಂಜಿ ಕೇಳಿದರು.