ಎಷ್ಟು ಪೌಂಡ್ ಎಂದು ಕೇಳುವ ಮೊದಲು

ತುಮಕೂರಿನಲ್ಲಿ ಗಾಳ, ರಾಡ್, ರೀಲ್ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ದಾರ ಕೊಳ್ಳಲು ಬಂದವರ ಮೊದಲ ಪ್ರಶ್ನೆ ಇವತ್ತಿಗೂ ಬದಲಾಗಿಲ್ಲ: "ಇದು ಎಷ್ಟು ಕೆಜಿ ತಡೆಯುತ್ತದೆ?" ಮೊದಲ ವರ್ಷ ನಾನೂ ಡಬ್ಬಿಯ ಮೇಲಿನ ಅಂಕಿ ಓದಿ ಹೇಳಿ, ದುಡ್ಡು ಎಣಿಸಿಕೊಂಡು ಕಳಿಸುತ್ತಿದ್ದೆ. 20 ಪೌಂಡ್ ಎಂದರೆ ಒಂಬತ್ತು ಕೆಜಿ. ಲೆಕ್ಕ ಸರಿಯಾಗಿಯೇ ಇತ್ತು. ದಾರ ಮಾತ್ರ ತಪ್ಪಾಗಿತ್ತು.

ಅದು ಗೊತ್ತಾದದ್ದು ಕುಣಿಗಲ್ ಕಡೆಯ ಒಬ್ಬ ಮೇಷ್ಟರಿಂದ. ಅವರಿಗೆ ಕೊರವ ಮೀನು ಹಿಡಿಯಬೇಕಿತ್ತು (ಕುಚ್ಚು ಎಂದರೂ ಅದೇ). ಸೊಪ್ಪು ಜೊಂಡಿನ ಮೇಲೆ ಎಳೆಯುವ ಟೊಳ್ಳು ರಬ್ಬರ್ ಕಪ್ಪೆಯ ಲೂರ್ (ಮೀನನ್ನು ಮರುಳುಮಾಡುವ ಕೃತಕ ಎರೆ) ಆರಿಸಿಕೊಂಡು, "ಇದಕ್ಕೆ ಒಳ್ಳೆಯ ದಾರ ಕೊಡಿ" ಎಂದರು. ಅಂಗಡಿಯಲ್ಲಿ ಅತಿ ದುಬಾರಿಯಾದದ್ದು 20 ಪೌಂಡಿನ ಫ್ಲೋರೋಕಾರ್ಬನ್. ನೀರಿನಲ್ಲಿ ಕಾಣುವುದೇ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಂಬಿ ಕೊಟ್ಟೆ. ಎರಡು ವಾರದ ನಂತರ ಅವರು ರೀಲ್ ಹಿಡಿದುಕೊಂಡು ಬಂದರು. ಕಪ್ಪೆ ಮೂತಿ ಕೆಳಗೆ ಮಾಡಿ ಮುಳುಗುತ್ತದೆ, ದಾರ ಸೊಪ್ಪಿನ ಬುಡಕ್ಕೆ ಸಿಕ್ಕಿಕೊಳ್ಳುತ್ತದೆ, ಎಸೆದಾಗಲೆಲ್ಲ ಸ್ಪೂಲಿನಿಂದ ಸುರುಳಿ ಸುರುಳಿಯಾಗಿ ಹಾರುತ್ತದೆ, ಕೊನೆಗೆ ಸಿಕ್ಕ ಒಂದೇ ಒಂದು ಮೀನು ಗಂಟಿನ ಹತ್ತಿರ ಕಿತ್ತುಕೊಂಡು ಹೋಯಿತು. ಜಗಳವಾಡಲಿಲ್ಲ. "ನೀವೇ ಆರಿಸಿ ಕೊಟ್ಟದ್ದಲ್ಲವೇ?" ಎಂದಷ್ಟೇ ಕೇಳಿದರು. ಆ ಮಾತು ನನ್ನನ್ನು ಇಡೀ ದಿನ ಚುಚ್ಚಿತು.

ನಮ್ಮ ಯಜಮಾನರು ಅವರ ರೀಲಿಗೆ ದುಡ್ಡು ತೆಗೆದುಕೊಳ್ಳದೆ 40 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ, ಸುತ್ತಿ ಕೊಟ್ಟರು. ನನಗೆ ಬೈಯಲಿಲ್ಲ. "ಭಾನುವಾರ ಕೆರೆಗೆ ಬಾ, ಮೂರು ರೀಲ್ ತಾ" ಎಂದರು.

ಗುತ್ತಿಗೆದಾರರ ಒಪ್ಪಿಗೆ ಮೊದಲೇ ಪಡೆದಿದ್ದ ಕೆರೆ ಅದು. ದಡದಲ್ಲಿ ಮೂರೂ ರೀಲುಗಳಿಗೆ ಮೂರು ಬಗೆಯ ದಾರ, ಮೂರಕ್ಕೂ ಒಂದೇ ಥರದ ಕಪ್ಪೆ. ಮೊದಲು ಫ್ಲೋರೋಕಾರ್ಬನ್ ಎಸೆದೆ. ಎಲೆಗಳ ನಡುವಿನ ಕಂಡಿಯಲ್ಲಿ ಕಪ್ಪೆಯನ್ನು ನಿಲ್ಲಿಸಿದ ಕೂಡಲೇ ದಾರ ಇಳಿಯತೊಡಗಿತು. ಅದು ನೀರಿಗಿಂತ ಹೆಚ್ಚುಕಡಿಮೆ 1.78 ಪಟ್ಟು ತೂಕದ ವಸ್ತು. ಮುಳುಗುವುದು ಅದರ ಸ್ವಭಾವ. ಆಮೇಲೆ ನೈಲಾನ್, ಅಂದರೆ ಮೋನೋ, ನಮ್ಮ ಕಡೆಯ ಹಳಬರ ಬಾಯಲ್ಲಿ ತಂಗೂಸಿ. ಅದು ನೀರಿಗಿಂತ ಸ್ವಲ್ಪವೇ ಭಾರ. ಬಹಳ ಹೊತ್ತು ಮೇಲೇ ನಿಂತಿತು, ಕಪ್ಪೆಯೂ ಚೆನ್ನಾಗಿ ಕುಣಿಯಿತು. ಹಾಗಾದರೆ ಇದೇ ಸಾಕಲ್ಲ ಎಂದೆ.

ಆಗ ಅವರು ಮಾಡಿ ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಕೊಕ್ಕೆಗಳನ್ನು ಕತ್ತರಿಸಿ ಹಾಕಿದ ಒಂದು ಕಪ್ಪೆಯನ್ನು ನನ್ನ ಕೈಗೆ ಕೊಟ್ಟು, ಮೂವತ್ತು ಹೆಜ್ಜೆ ದೂರ ಕಳಿಸಿ, ನೈಲಾನ್ ಕಟ್ಟಿದ ರಾಡನ್ನು ಜೋರಾಗಿ ಮೇಲಕ್ಕೆ ಎಳೆದರು. ಅಂಗಿಯ ತುದಿಯನ್ನು ಮಗು ಜಗ್ಗಿದಷ್ಟು ಗೊತ್ತಾಯಿತು, ಅಷ್ಟೇ. ಅದೇ ಕಪ್ಪೆಗೆ ಬ್ರೇಡ್ ಕಟ್ಟಿ ಅದೇ ಜೋರಿನಲ್ಲಿ ಎಳೆದಾಗ ಕಪ್ಪೆ ಬೆರಳ ಸಂದಿಯಿಂದ ಹಾರಿಹೋಯಿತು. ನೈಲಾನ್ ತುಂಡಾಗುವ ಮುಂಚೆ ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲದು. ಪಾಲಿಎಥಿಲೀನ್ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಬಹುತೇಕ ಹಿಗ್ಗುವುದೇ ಇಲ್ಲ, ಜೊತೆಗೆ ನೀರಿನ ಮೇಲೆ ತೇಲುತ್ತದೆ. ಕೊರವದ ಬಾಯಿ ಗಟ್ಟಿ ಮೂಳೆ. ಕಪ್ಪೆಯ ದಪ್ಪ ಕೊಕ್ಕೆ ಅದಕ್ಕೆ ಇಳಿಯಬೇಕಾದರೆ ಕೈಯ ಜೋರು ಪೂರ್ತಿ ತಲುಪಬೇಕು. ಸಿಕ್ಕ ಮೀನು ಸೊಪ್ಪಿನೊಳಗೆ ನುಗ್ಗಿದರೆ ಸೊಪ್ಪಿನ ಸಮೇತ ಎಳೆದು ತರಬೇಕು. 40ರಿಂದ 50 ಪೌಂಡಿನ ಬ್ರೇಡ್ ಏಕೆಂದು ಆಗ ತಿಳಿಯಿತು. ನಮ್ಮ ಕೆರೆಯ ಕೊರವ ಅಷ್ಟು ತೂಗುವುದಿಲ್ಲ. ಆ ಅಂಕಿ ಸೊಪ್ಪಿನ ಸಲುವಾಗಿ.

ಆದರೆ ಅಲ್ಲಿಂದ ಬಂದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಬಂದವರಿಗೆಲ್ಲ ಬ್ರೇಡ್. ಕೆಲವು ತಿಂಗಳಲ್ಲಿ ಬೇರೆ ದೂರು ಶುರುವಾಯಿತು. ನೀರಿನೊಳಗೆ ಮುಳುಗಿ ಅಲ್ಲಾಡುವ ಕ್ರ್ಯಾಂಕ್‌ಬೇಟ್ ಎಳೆಯುತ್ತಿದ್ದ ಒಬ್ಬರಿಗೆ ಮೀನು ಸಿಕ್ಕರೂ ದಡದ ಹತ್ತಿರ ಬಿಡಿಸಿಕೊಳ್ಳುತ್ತಿತ್ತು. ಆ ಲೂರಿಗೆ ಇರುವುದು ಸಣ್ಣ ಮೂರು ಮುಳ್ಳಿನ ಕೊಕ್ಕೆಗಳು. ಅವು ತುಟಿಯ ಅಂಚಿಗೆ ಮೇಲೆಮೇಲೆ ಸಿಕ್ಕಿರುತ್ತವೆ. ಮೀನು ತಲೆ ಕೊಡವಿದಾಗ ದಾರ ಸ್ವಲ್ಪವೂ ಬಿಟ್ಟುಕೊಡದಿದ್ದರೆ ತುಟಿ ಹರಿಯುತ್ತದೆ, ಇಲ್ಲವೇ ಕೊಕ್ಕೆ ನೆಟ್ಟಗಾಗುತ್ತದೆ. ಕಪ್ಪೆಗೆ ಕೊರತೆಯಾದ ನೈಲಾನಿನ ಹಿಗ್ಗೇ ಇಲ್ಲಿ ಬೇಕಾದ ಗುಣ. ಈಗ ನಾನು ಇಂಥ ಲೂರಿಗೆ 10–12 ಪೌಂಡಿನ ನೈಲಾನ್ ಕೊಡುತ್ತೇನೆ. ಲೂರ್ ಇನ್ನೂ ಆಳಕ್ಕೆ ಇಳಿಯಬೇಕು ಎನ್ನುವವರಿಗೆ ಅದೇ ಪೌಂಡಿನ ಫ್ಲೋರೋಕಾರ್ಬನ್. ದಪ್ಪ ದಾರ ನೀರಿಗೆ ತಡೆಯೊಡ್ಡಿ ಲೂರನ್ನು ಮೇಲಕ್ಕೆ ಹಿಡಿಯುತ್ತದೆ, ತೆಳ್ಳಗಿದ್ದು ಮುಳುಗುವ ದಾರ ಅದನ್ನು ಕೆಳಗೆ ಬಿಡುತ್ತದೆ. ಮೇಷ್ಟರ ಕಪ್ಪೆಯನ್ನು ಕೆಡಿಸಿದ ಗುಣ ಇಲ್ಲಿ ಕೆಲಸಕ್ಕೆ ಬಂತು. ಮೇಲೆಯೇ ಗುಳುಗುಳು ಸದ್ದು ಮಾಡುವ ಪಾಪರ್‌ಗೂ ಮೂರು ಮುಳ್ಳಿನ ಕೊಕ್ಕೆಯೇ ಇರುವುದರಿಂದ ಅದಕ್ಕೆ ನೈಲಾನ್ ಕಟ್ಟಿ ಎನ್ನುತ್ತೇನೆ.

ಮೆತ್ತನೆಯ ರಬ್ಬರ್ ಹುಳುವನ್ನು ತಳದಲ್ಲಿ ಕುಪ್ಪಳಿಸುತ್ತಾ ತರುವವರ ಕಥೆ ಬೇರೆ. ಅವರಿಗೆ ಬೇಕಾದದ್ದು ಸ್ಪರ್ಶ. ಲೂರ್ ಕಲ್ಲಿಗೆ ತಾಗಿತೋ, ಕೆಸರಿಗೆ ಬಿತ್ತೋ, ಮೀನು ಬಾಯಿಗೆ ಹಾಕಿಕೊಂಡಿತೋ ಎಂಬುದು ಬೆರಳಿಗೆ ತಿಳಿಯಬೇಕು. ಬ್ರೇಡ್ ಅದನ್ನು ಚೆನ್ನಾಗಿ ಹೇಳುತ್ತದೆ, ಆದರೆ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಆದ್ದರಿಂದ ರೀಲಿನಲ್ಲಿ ಬ್ರೇಡ್, ತುದಿಯಲ್ಲಿ ಎರಡು ಮಾರು ಫ್ಲೋರೋಕಾರ್ಬನ್ ಲೀಡರ್, ಅಂದರೆ ಲೂರಿಗೆ ಕಟ್ಟುವ ತುಂಡು ದಾರ. ಇಲ್ಲಿ ಗಿರಾಕಿಗೆ ನಿಜ ಹೇಳಲೇಬೇಕು: ಫ್ಲೋರೋಕಾರ್ಬನ್ ಮಾಯವಾಗುವುದಿಲ್ಲ. ಬೆಳಕನ್ನು ಬಾಗಿಸುವ ಗುಣಾಂಕ ನೀರಿಗೆ 1.33, ಇದಕ್ಕೆ 1.42, ನೈಲಾನಿಗೆ 1.5ಕ್ಕೂ ಮೇಲೆ. ಕಡಿಮೆ ಕಾಣುತ್ತದೆ ಎನ್ನುವುದಷ್ಟೇ ಸರಿ. ಮಾರ್ಕೋನಹಳ್ಳಿ ಜಲಾಶಯದ ನೀರು ತಿಳಿಯಾಗಿರುವ ದಿನ ಅದಕ್ಕೆ ಬೆಲೆ ಇದೆ. ಹೊಸ ನೀರು ಬಂದು ಕೆರೆ ಚಹಾದ ಬಣ್ಣಕ್ಕೆ ತಿರುಗಿರುವಾಗ ಆ ಹೆಚ್ಚಿನ ದುಡ್ಡನ್ನು ಯಾರಿಂದಲೂ ತೆಗೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಜಿಲೇಬಿ ಮೀನಿಗೆ ಎರಡು ಮೂರು ಗ್ರಾಮಿನ ಸಣ್ಣ ಸ್ಪಿನ್ನರ್ (ತಗಡು ಗಿರಗಿರ ತಿರುಗುವ ಲೂರ್) ಎಸೆಯುವವರು 4–6 ಪೌಂಡಿನ ನೈಲಾನಿಗಿಂತ ದಪ್ಪಕ್ಕೆ ಹೋಗಬಾರದು. ಅಷ್ಟು ಹಗುರದ ಲೂರ್ ದಪ್ಪ ದಾರವನ್ನು ಎಳೆದುಕೊಂಡು ಹೋಗಲಾರದು. ಸ್ಪಿನ್ನರ್ ದಾರವನ್ನು ಹುರಿ ಮಾಡುವುದರಿಂದ ನಡುವೆ ಒಂದು ಸ್ವಿವೆಲ್, ಅಂದರೆ ತಿರುಗುವ ಸಣ್ಣ ಕೊಂಡಿ, ಇರಲಿ. ಬೆಂಡು ಕಟ್ಟಿ ಹಿಟ್ಟಿನ ಉಂಡೆಗೆ ರೋಹು, ಕಾಟ್ಲಾ ಕಾಯುವ ಹಿರಿಯರಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ. ಅವರು ಮೊದಲಿನಿಂದ ತಂಗೂಸಿಯನ್ನೇ ಕೇಳುತ್ತಾರೆ, ಅದೇ ಸರಿ.

ಗಂಟಿನ ವಿಷಯ ಅಂಗಡಿಯಲ್ಲಿಯೇ ಮುಗಿಸಿ ಕಳಿಸುತ್ತೇನೆ. ಮೇಷ್ಟರ ದಾರ ಗಂಟಿನಲ್ಲಿ ಹೋಗಿತ್ತಲ್ಲ. ಒಣ ದಾರವನ್ನು ಬಿಗಿದರೆ ಉಜ್ಜಿದ ಬಿಸಿಗೆ ಸುಟ್ಟು ಅಲ್ಲೇ ಬಲ ಕಳೆದುಕೊಳ್ಳುತ್ತದೆ, ಫ್ಲೋರೋಕಾರ್ಬನ್ ಅಂತೂ ಬೇಗ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಬೇಕು. ಬ್ರೇಡ್ ನುಣುಪು, ಮಾಮೂಲಿ ಸುತ್ತಿನ ಗಂಟು ಜಾರುತ್ತದೆ, ಪಲೋಮಾರ್ ಗಂಟು ಹಿಡಿಯುತ್ತದೆ. ಸ್ಪೂಲಿನ ತಳಕ್ಕೂ ಮೊದಲು ನಾಲ್ಕಾರು ಸುತ್ತು ನೈಲಾನ್ ಹಾಕದಿದ್ದರೆ ಬ್ರೇಡಿನ ಇಡೀ ಸುತ್ತೇ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹಿಡಿದು ಬಿಡುವ ರೀಲಿನ ತಡೆ) ಕೆಟ್ಟಿದೆ ಎಂದು ಜನ ರೀಲನ್ನು ರಿಪೇರಿಗೆ ತರುತ್ತಾರೆ.

ಇನ್ನೊಂದು ತಪ್ಪು ನಮ್ಮ ಅಂಗಡಿಯದೇ. ಬಣ್ಣ ಚೆನ್ನಾಗಿ ಕಾಣಲಿ ಎಂದು ನೈಲಾನ್ ಸ್ಪೂಲುಗಳನ್ನು ಪಡುವಣ ಬಿಸಿಲು ಬೀಳುವ ಗಾಜಿನ ಹಿಂದೆ ನೇತುಹಾಕಿದ್ದೆವು. ಒಂದು ಬೇಸಿಗೆ ಕಳೆದ ಮೇಲೆ ಕೈಯಲ್ಲಿ ಎಳೆದು ನೋಡಿದರೆ ಪಟ್ಟನೆ ಹರಿಯುತ್ತಿತ್ತು. ನೇರಳಾತೀತ ಕಿರಣ ನೈಲಾನನ್ನು ಕೊರೆಯುತ್ತದೆ. ಅಲ್ಲಿದ್ದ ಸ್ಪೂಲುಗಳನ್ನೆಲ್ಲ ಎಸೆದೆವು. ಈಗ ದಾರವೆಲ್ಲ ಕಬ್ಬಿಣದ ಬೀರುವಿನೊಳಗೆ. ಗಾಜಿನ ಹಿಂದೆ ಖಾಲಿ ಡಬ್ಬಿಗಳು ಮಾತ್ರ.

ಒಂದೇ ರೀಲ್ ಇದೆ, ಇನ್ನೂ ಕಲಿಯುತ್ತಿದ್ದೇನೆ, ಯಾವುದಾದರೂ ಒಂದು ದಾರ ಹೇಳಿ ಎನ್ನುವ ಹುಡುಗರು ವಾರಕ್ಕೆ ನಾಲ್ಕು ಮಂದಿ ಬರುತ್ತಾರೆ. ಅವರ ಚೀಲದಲ್ಲಿರುವ ಲೂರುಗಳನ್ನು ಮೇಜಿನ ಮೇಲೆ ಸುರಿಯಲು ಹೇಳುತ್ತೇನೆ. ಕಪ್ಪೆಗಳೇ ಹೆಚ್ಚಿದ್ದರೆ ಬ್ರೇಡ್. ಎಲ್ಲವೂ ಕಲಸುಮೇಲೋಗರವಾಗಿದ್ದರೆ 10 ಪೌಂಡಿನ ನೈಲಾನ್. ತಪ್ಪು ಎಸೆತವನ್ನೂ ಅವಸರದ ಎಳೆತವನ್ನೂ ಅದು ತಾಳಿಕೊಳ್ಳುತ್ತದೆ. ಉಳಿದ ದುಡ್ಡಿಗೆ ಅದೇ ರೀಲಿಗೆ ಹೊಂದುವ ಖಾಲಿ ಸ್ಪೂಲ್ ಒಂದನ್ನು ಕೊಂಡುಕೊಳ್ಳಿ, ಮುಂದಿನ ತಿಂಗಳು ಬ್ರೇಡ್ ಸುತ್ತಿ ಕೊಡುತ್ತೇನೆ ಎನ್ನುತ್ತೇನೆ.