ಹಳೆ ಫರ್ಗುಸನ್‌ಗೆ ವಯಸ್ಸಿನ ಪುರಾವೆ: ಬಣ್ಣ ಬಳಿಯುವ ಮೊದಲೇ ಆಗಬೇಕಾದ ಕೆಲಸ

12 ಏಪ್ರಿಲ್ 2025, ಶನಿವಾರ
ವೂಸ್ಟರ್‌ಶೈರ್, ಇಂಗ್ಲೆಂಡ್

ಶೆಡ್‌ನಲ್ಲಿರುವುದು ಬೂದು ಬಣ್ಣದ ಹಳೆಯ ಟ್ರ್ಯಾಕ್ಟರ್, ಫರ್ಗುಸನ್ ಟಿಇಡಿ20. ಎಂಜಿನ್ ಚಾಲೂ ಆಗುತ್ತದೆ, ಹೈಡ್ರಾಲಿಕ್ ಎತ್ತುತ್ತದೆ, ಕಾಗದ ಮಾತ್ರ ಒಂದೂ ಇಲ್ಲ. ರಸ್ತೆಗೆ ಇಳಿಸಬೇಕಾದರೆ ಇಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ಇದು ಯಾವ ವರ್ಷದ ಗಾಡಿ ಎಂದು ಸಾಬೀತು ಮಾಡಿಕೊಡಬೇಕು. ಇವತ್ತಿನ ಕೆಲಸ ಅದೇ.

ಈ ಟ್ರ್ಯಾಕ್ಟರ್ ಕನ್ನಡದ ರೈತರಿಗೆ ದೂರದ್ದೇನಲ್ಲ. ಹಿಂದಿನ ಮೂರು ತೋಳಿನ ಲಿಂಕೇಜ್, ಅದಕ್ಕೆ ಹೈಡ್ರಾಲಿಕ್ಕಿನ ಹಿಡಿತ, ಇಂದು ಮಂಡ್ಯದಲ್ಲೋ ರಾಯಚೂರಿನಲ್ಲೋ ಉಳುವ ಪ್ರತಿ ಟ್ರ್ಯಾಕ್ಟರಿನಲ್ಲೂ ಇರುವ ಆ ಏರ್ಪಾಟನ್ನು ಮನೆಮಾತು ಮಾಡಿದ್ದು ಹ್ಯಾರಿ ಫರ್ಗುಸನ್. ನಮ್ಮಲ್ಲಿ ಓಡುವ ಮ್ಯಾಸಿ ಫರ್ಗುಸನ್‌ಗಳೂ ಇದೇ ವಂಶದವು. ಟಿಇಡಿ20 ಸೇರಿದಂತೆ ಟಿಇ20 ಮಾದರಿಗಳೆಲ್ಲ ತಯಾರಾದದ್ದು ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ, 1946ರಿಂದ 1956ರವರೆಗೆ, ಐದು ಲಕ್ಷಕ್ಕೂ ಹೆಚ್ಚು.

ಇಷ್ಟೊಂದು ಗಾಡಿಗಳಿದ್ದೂ ಕಾಗದ ಯಾಕೆ ಸಿಗುವುದಿಲ್ಲ? ಹೊಲ ಬಿಟ್ಟು ಹೊರಗೆ ಬಾರದ ಟ್ರ್ಯಾಕ್ಟರನ್ನು ಎಷ್ಟೋ ರೈತರು ನೋಂದಣಿಯನ್ನೇ ಮಾಡಿಸಲಿಲ್ಲ. ಮಾಡಿಸಿದವರ ದಾಖಲೆ ಆಗ ಕೌಂಟಿ ಕೌನ್ಸಿಲ್‌ಗಳಲ್ಲಿತ್ತು. 1970ರ ದಶಕದಲ್ಲಿ ದಾಖಲೆ ಇಡುವ ಕೆಲಸ ಡಿವಿಎಲ್‌ಎ ಇರುವ ಸ್ವಾನ್ಸಿಯ ಕಂಪ್ಯೂಟರ್‌ಗೆ ಹೋಯಿತು. 1983ರ ನವೆಂಬರ್ 30ರೊಳಗೆ ಹೆಸರು ಏರಿಸಿಕೊಳ್ಳದ ಗಾಡಿಗಳು ಲೆಕ್ಕದಿಂದಲೇ ಬಿಟ್ಟುಹೋದವು. ಆಗ ಕೊಟ್ಟಿಗೆಯಲ್ಲಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿಗಾಗಿ ಯಾರು ಅರ್ಜಿ ಬರೆಯುತ್ತಾರೆ?

ಮೊದಲ ಕೆಲಸ ನಂಬರ್ ಓದುವುದು. ಟಿಇ20ರಲ್ಲಿ ಸೀರಿಯಲ್ ನಂಬರ್ ಡ್ಯಾಶ್‌ಬೋರ್ಡಿನ ಮೇಲಿನ ತಗಡಿನ ಪ್ಲೇಟಿನಲ್ಲಿದೆ. ಮುಂದಿನ ಅಕ್ಷರಗಳು ಎಂಜಿನ್ ಯಾವುದೆಂದು ಹೇಳುತ್ತವೆ: ಟಿಇ ಎಂದಷ್ಟೇ ಇದ್ದರೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್, ಟಿಇಎ ಎಂದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್, ಟಿಇಡಿ ಎಂದರೆ ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಯಂಥ ಟಿವಿಒ ಎಂಬ ಇಂಧನಕ್ಕೆ ತಿರುಗಿಸುವುದು, ಟಿಇಎಫ್ ಎಂದರೆ ಡೀಸೆಲ್. ಎಂಜಿನ್ ನಂಬರ್ ಬೇರೆ, ಅದು ಬ್ಲಾಕಿನ ಪಕ್ಕದಲ್ಲಿ ಕೊರೆದಿರುತ್ತದೆ. ಸ್ಟ್ಯಾಂಡರ್ಡ್ ಎಂಜಿನ್ನಾದರೆ ಎಸ್ ಅಕ್ಷರದಿಂದ ಶುರುವಾಗಿ ಇ ಅಕ್ಷರದಲ್ಲಿ ಮುಗಿಯುತ್ತದೆ. ಎರಡೂ ನಂಬರ್ ಒಂದೇ ಆಗಿರಬೇಕಿಲ್ಲ, ಆಗಿರುವುದೂ ಇಲ್ಲ. ಹೊಸಬರು ಎಂಜಿನ್ ನಂಬರನ್ನೇ ಕಾರ್ಖಾನೆಯ ವರ್ಷವಾರು ಸೀರಿಯಲ್ ಪಟ್ಟಿಯಲ್ಲಿ ಹುಡುಕಿ ತಪ್ಪು ವರ್ಷ ಹಿಡಿಯುವುದು ಇಲ್ಲಿಯೇ.

ಎಪ್ಪತ್ತು ವರ್ಷದ ಗ್ರೀಸು, ಮೇಲೆ ನಾಲ್ಕು ಪದರ ಬಣ್ಣ. ಗ್ರೈಂಡರ್ ಹಾಗಿರಲಿ, ವೈರ್ ಬ್ರಷ್ ಕೂಡ ಹತ್ತಿರ ತರಬಾರದು. ಕೊರೆತ ಆಳವಿಲ್ಲದ ಕಡೆ ಅಂಕಿಯೇ ಸವೆದುಹೋಗುತ್ತದೆ, ಆಮೇಲೆ 3 ಯಾವುದು 8 ಯಾವುದು ಎಂದು ಯಾರೂ ಹೇಳಲಾರರು. ಬಣ್ಣ ಕರಗಿಸುವ ಜೆಲ್ ಹಚ್ಚಿ, ಕಾದು, ಮರದ ಚಕ್ಕೆಯಿಂದ ಕೆರೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ನಂತರ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ಕೊರೆತದೊಳಗೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಫೋಟೋ ತೆಗೆದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಅಚ್ಚು ತೆಗೆಯಬೇಕು. ನಮ್ಮ ಆರ್‌ಟಿಒ ಕಚೇರಿಗಳಿಗೆ ಕೊಡುವ ಚಾಸಿ ಪ್ರಿಂಟ್ ಇದ್ದ ಹಾಗೆಯೇ. ಫೋಟೋದಲ್ಲಿ ಬೆಳಕು ಮೋಸ ಮಾಡಿದಾಗ ಈ ಅಚ್ಚು ಕೈಹಿಡಿಯುತ್ತದೆ.

ಪ್ಲೇಟ್ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. ಟಿಇ20ಗೆ ಹೊಸ ಖಾಲಿ ಪ್ಲೇಟುಗಳು ಮಾರಾಟಕ್ಕಿವೆ, ಬೇಕಾದ ನಂಬರ್ ಕುಟ್ಟಿಕೊಳ್ಳಬಹುದು. ಡ್ಯಾಶ್‌ಬೋರ್ಡೇ ಬೇರೆ ಟ್ರ್ಯಾಕ್ಟರಿನಿಂದ ಬಂದಿರಲೂಬಹುದು. ಪ್ಲೇಟು ಹೊಳೆಯುತ್ತಿದ್ದು ಸುತ್ತಲಿನ ತಗಡು ತುಕ್ಕು ಹಿಡಿದಿದ್ದರೆ, ರಿವೆಟ್ ಹೊಸದಾಗಿದ್ದರೆ, ಅಂಕಿಗಳ ಸಾಲು ಏರುಪೇರಾಗಿದ್ದರೆ ಅನುಮಾನ ಪಡಲೇಬೇಕು. ಆಗ ನೋಡುವುದು ಉಳಿದ ಸಾಕ್ಷಿಗಳನ್ನು. ಲ್ಯೂಕಾಸ್ ಡೈನಮೊ ಮತ್ತು ಸ್ಟಾರ್ಟರ್ ಮೋಟಾರಿನ ಕವಚದ ಮೇಲೆ ತಿಂಗಳು ಮತ್ತು ವರ್ಷ ಕುಟ್ಟಿರುತ್ತಾರೆ. 6 51 ಎಂದಿದ್ದರೆ 1951ರ ಜೂನ್. ದೊಡ್ಡ ಎರಕದ ಭಾಗಗಳಲ್ಲೂ ತಾರೀಕು ಮೂಡಿರಬಹುದು. ಇವು ಸೀರಿಯಲ್ ನಂಬರ್ ಹೇಳುವ ಕಾಲಕ್ಕಿಂತ ಕೆಲವು ವಾರವೋ ತಿಂಗಳೋ ಹಿಂದಿನವಾಗಿದ್ದರೆ ಸರಿ, ಏಕೆಂದರೆ ಬಿಡಿಭಾಗ ಮೊದಲು ತಯಾರಾಗಿ ಆಮೇಲೆ ಗಾಡಿಗೆ ಕೂರುತ್ತದೆ. ಒಂದು ಡೈನಮೊ ಮಾತ್ರ ಐದು ವರ್ಷ ಈಚಿನದಾಗಿದ್ದರೆ ಬದಲಿಸಿದ್ದಾರೆ ಎಂದುಕೊಳ್ಳಬಹುದು. ಎಲ್ಲವೂ ಒಟ್ಟಿಗೆ ಈಚಿನವಾಗಿದ್ದರೆ ಪ್ಲೇಟನ್ನೇ ನಂಬಬಾರದು.

ಸಿಲಿಂಡರ್ ಅಳತೆಯಿಂದಲೂ ಒಂದು ಸುಳಿವು ಸಿಗುತ್ತದೆ. ಸ್ಟ್ಯಾಂಡರ್ಡ್ ಎಂಜಿನ್ ಮೊದಲು 80 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 1849 ಸಿಸಿ ಇತ್ತು. 1951ರ ಆರಂಭದಿಂದ 85 ಮಿಲಿಮೀಟರ್, 2088 ಸಿಸಿ ಆಯಿತು. ಆದರೆ ಎಂಜಿನ್ ಬದಲಿಸಿದ ಗಾಡಿಗಳು ಬಹಳ ಇರುವುದರಿಂದ ಇದನ್ನು ಪೋಷಕ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಬೇಕು.

ಬೇರೆ ತಯಾರಿಕೆಯ ಗಾಡಿಗಳಲ್ಲಿ ಕಷ್ಟ ಬೇರೆ ಥರದ್ದು. ಹಳೆಯ ಫೋರ್ಡ್‌ಸನ್ ಮಾಡೆಲ್ ಎನ್‌ನಲ್ಲಿ ಟ್ರ್ಯಾಕ್ಟರಿನ ನಂಬರ್ ಇರುವುದೇ ಎಂಜಿನ್ ಬ್ಲಾಕಿನ ಮೇಲೆ, ಬ್ಲಾಕ್ ಹೋದರೆ ಗುರುತೂ ಹೋಯಿತು. 1964ರ ಕೊನೆಯಿಂದ ಬ್ಯಾಸಿಲ್ಡನ್‌ನಲ್ಲಿ ತಯಾರಾದ ಫೋರ್ಡ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕಿ, ತಿಂಗಳಿಗೆ ಒಂದು ಅಕ್ಷರ, ಆಮೇಲೆ ದಿನ. 6 ಎಂದರೆ 1966ಕ್ಕೂ ಆಗುತ್ತದೆ, 1976ಕ್ಕೂ ಆಗುತ್ತದೆ. ಮಾದರಿ ಮತ್ತು ಸೀರಿಯಲ್ ನಂಬರ್ ಸೇರಿಸಿ ಓದಿದರೆ ಮಾತ್ರ ದಶಕ ತಿಳಿಯುತ್ತದೆ.

ಸಾಕ್ಷಿ ಕೂಡಿದ ಮೇಲೆ ಡಿವಿಎಲ್‌ಎ ಮಾನ್ಯತೆ ಕೊಟ್ಟ ಮಾಲೀಕರ ಕ್ಲಬ್‌ನಿಂದ ವಯಸ್ಸಿನ ಪ್ರಮಾಣಪತ್ರ ಪಡೆಯಬೇಕು. ನ್ಯಾಷನಲ್ ವಿಂಟೇಜ್ ಟ್ರ್ಯಾಕ್ಟರ್ ಅಂಡ್ ಎಂಜಿನ್ ಕ್ಲಬ್ ಅಂಥದ್ದೊಂದು. ಅವರ ಬಳಿ ಕಾರ್ಖಾನೆಯ ಸೀರಿಯಲ್ ಪಟ್ಟಿಗಳಿರುತ್ತವೆ. ಟ್ರ್ಯಾಕ್ಟರಿನ ಎರಡೂ ಬದಿಯ ಫೋಟೋ, ಪ್ಲೇಟಿನ ಹತ್ತಿರದ ಫೋಟೋ, ಎಂಜಿನ್ ನಂಬರಿನ ಫೋಟೋ, ಪೆನ್ಸಿಲ್ ಅಚ್ಚು ಎಲ್ಲವನ್ನೂ ಕಳಿಸಿದರೆ ಮರುಪ್ರಶ್ನೆ ಕಡಿಮೆ. ಹೊಸ ಬಣ್ಣ ಬಳಿದು, ಪ್ಲೇಟು ಬಿಚ್ಚಿ ಪಾಲಿಶ್ ಹಾಕಿ, ಆಮೇಲೆ ಫೋಟೋ ತೆಗೆದವರಿಗೇ ಹೆಚ್ಚು ಪ್ರಶ್ನೆ ಬರುವುದು. ಬಿಚ್ಚಿದ ರಿವೆಟ್ಟಿಗೆ ಸಮಜಾಯಿಷಿ ಕೊಡುವುದು ಕಷ್ಟ. ಪೇಂಟ್ ಅಂಗಡಿಗೆ ಹೋಗುವ ಮೊದಲು ಈ ಫೋಟೋಗಳು ಆಗಲೇಬೇಕು ಎಂದು ಒತ್ತಿ ಹೇಳುವುದು ಅದಕ್ಕೇ.

ಅರ್ಜಿ ನಮೂನೆ ವಿ55/5, ಬಳಸಿದ ವಾಹನದ ಮೊದಲ ನೋಂದಣಿಗೆ. ಶುಲ್ಕ 55 ಪೌಂಡ್. ಜೊತೆಗೆ ಪ್ರಮಾಣಪತ್ರದ ಮೂಲಪ್ರತಿ, ಹೆಸರು ಮತ್ತು ವಿಳಾಸದ ಗುರುತು. ಕಳಿಸುವ ಮೊದಲು ಪ್ರತಿ ಹಾಳೆಯ ನಕಲು ಇಟ್ಟುಕೊಳ್ಳಿ. ಚಾಸಿ ನಂಬರ್, ಅಂದರೆ ಅದೇ ಸೀರಿಯಲ್ ನಂಬರ್, ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಮುಂದಿನ ಅಕ್ಷರಗಳ ಸಮೇತ ನಮೂನೆಯಲ್ಲೂ ಬರಬೇಕು. ಸಿಸಿ ಬರೆಯುವಾಗ ಈಗ ಕೂತಿರುವ ಎಂಜಿನ್ನಿನದನ್ನೇ ಬರೆಯಿರಿ. ಒಂದು ಕಾಗದ ಒಂದು ಹೇಳಿ, ಇನ್ನೊಂದು ಇನ್ನೊಂದು ಹೇಳಿದರೆ ಇಡೀ ಕಟ್ಟು ವಾಪಸು ಬರುತ್ತದೆ. ಹೊರದೇಶದಿಂದ ತರಿಸಿದ ಗಾಡಿಯಾದರೆ ತೆರಿಗೆ ಇಲಾಖೆಗೆ ನೋವಾ ಎಂಬ ತಿಳಿವಳಿಕೆ ಮೊದಲೇ ಸಲ್ಲಿಸಿರಬೇಕು, ಅದಿಲ್ಲದೆ ನೋಂದಣಿ ಆಗದು.

ಬಾನೆಟ್ಟಿನ ಮೇಲೆ ಹಳೆಯ ನೋಂದಣಿ ನಂಬರ್ ಬರೆದಿದೆ, ಅದೇ ಬೇಕು ಎನ್ನುವವರಿಗೆ ದಾರಿ ಬೇರೆ: ವಿ765 ನಮೂನೆ. ಅಲ್ಲಿ ವಯಸ್ಸಿನ ಜೊತೆಗೆ ಆ ರಸ್ತೆ ನಂಬರಿಗೂ ಈ ಚಾಸಿಗೂ ಇರುವ ನಂಟನ್ನು ತೋರಿಸಬೇಕು. ಬರೀ ನಂಬರ್ ಪ್ಲೇಟು ಸಾಕ್ಷಿಯಲ್ಲ, ಅದನ್ನು ಯಾರು ಬೇಕಾದರೂ ತಿರುಪು ಹಾಕಿ ಕೂರಿಸಬಹುದು. ಹಳೆಯ ಲಾಗ್‌ಬುಕ್, ಅಂದರೆ ಅಂದಿನ ನೋಂದಣಿ ಪುಸ್ತಕ, ಸಿಕ್ಕರೆ ಚಿನ್ನ. ಇಲ್ಲವಾದರೆ ಕೌಂಟಿಯ ದಾಖಲೆ ಸಂಗ್ರಹಾಲಯಗಳಲ್ಲಿ ಉಳಿದಿರುವ ನೋಂದಣಿ ರಿಜಿಸ್ಟರ್ ಹುಡುಕಬೇಕು. ಇಲ್ಲೇ ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಕೂಡ ಇಂಥ ದಾಖಲೆಗಳನ್ನು ಕೂಡಿಟ್ಟಿತ್ತು. ಕೇಂದ್ರೀಕರಣದ ಹೊತ್ತಿಗೆ ಎಷ್ಟೋ ರಿಜಿಸ್ಟರ್‌ಗಳು ನಾಶವಾದವು, ಅದು ನಿಜಕ್ಕೂ ದೊಡ್ಡ ನಷ್ಟ. ಹೀಗೆ ಮರಳಿ ಪಡೆದ ನಂಬರನ್ನು ಬೇರೆ ಗಾಡಿಗೆ ವರ್ಗಾಯಿಸುವಂತಿಲ್ಲ.

ನಂಟು ಸಿಗದಿದ್ದರೆ ಬೇಸರ ಬೇಡ, ವಯಸ್ಸಿಗೆ ತಕ್ಕ ಬೇರೊಂದು ಹಳೆ ಮಾದರಿಯ ನಂಬರ್ ಕೊಡುತ್ತಾರೆ. ವಯಸ್ಸೇ ಸಾಬೀತಾಗದಿದ್ದರೆ ಸಿಗುವುದು ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್. ಗಾಡಿಯ ಹುಟ್ಟು ಗೊತ್ತಿಲ್ಲ ಎಂಬುದಕ್ಕೆ ಅದೇ ಗುರುತು, ಮಾರುವಾಗ ಬೆಲೆಯೂ ಬೀಳುತ್ತದೆ.

ನೋಂದಣಿ ಪತ್ರ ವಿ5ಸಿ ಬಂದ ದಿನವೇ ಚಾಸಿ ನಂಬರನ್ನು ಅಂಕಿ ಅಂಕಿ ಹೋಲಿಸಿ, ತೆರಿಗೆ ವರ್ಗ ಹಿಸ್ಟಾರಿಕ್ ಎಂದಿದೆಯೇ ನೋಡಬೇಕು. 2025ರ ಏಪ್ರಿಲ್ 1ರಿಂದ 1985ರ ಜನವರಿ 1ಕ್ಕಿಂತ ಮೊದಲು ತಯಾರಾದ ಗಾಡಿಗಳು ಆ ವರ್ಗಕ್ಕೆ ಬಂದವು. ತೆರಿಗೆ ಸೊನ್ನೆಯಾದರೂ ಪ್ರತಿ ವರ್ಷ ನವೀಕರಿಸಲೇಬೇಕು, ವಿಮೆಯೂ ಬೇಕು. ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿ ಅಥವಾ ಬಿಳಿ ಅಕ್ಷರದ ಹಳೆ ಶೈಲಿಯ ನಂಬರ್ ಪ್ಲೇಟಿಗೆ ಗಡಿ ಬೇರೆ, 1980ಕ್ಕಿಂತ ಮೊದಲು ತಯಾರಾಗಿರಬೇಕು. ಈ ಟಿಇಡಿಗೆ ಅದಕ್ಕೇನೂ ಅಡ್ಡಿಯಿಲ್ಲ. ಪ್ಲೇಟ್ ಮಾಡಿಸಲು ಹೋಗುವಾಗ ವಿ5ಸಿ ಮತ್ತು ಗುರುತಿನ ಚೀಟಿ ಎರಡನ್ನೂ ಒಯ್ಯಬೇಕು.